ಮುನಿಲಕ್ಷ್ಮಿಯ ಕಾಲೊಳಗಿನ ಗಾಜು

ಪೆನ್ನಾಗರಂ ಕಡೆ ಆಡು ಮೇಯಿಸುವ ಮುನಿಲಕ್ಷ್ಮಿಯ ಕಾಲಿನ ಮೂಳೆಯಲ್ಲಿ ಗಡ್ಡೆಯಾಗಿತ್ತು. ಸೇಲಂನ ಡಾಕ್ಟರು ಅದನ್ನು ಕೆರೆದು ತೆಗೆದು, ಆ ಗುಳಿಗೆ ಗಾಜಿನ ಹರಳು ತುಂಬಿದರು. “ಮೂಳೆಯ ಜೀವಕೋಶಗಳು ಇದಕ್ಕೆ ಅಂಟಿಕೊಂಡು ಬೆಳೆದು ಹೊಸ ಮೂಳೆ ಕಟ್ತವೆ, ಗಾಜು ಮೆಲ್ಲಗೆ ಕರಗುತ್ತೆ. ಮೂರು ತಿಂಗಳು ಕಾಲೂರಬೇಡಿ ಅಮ್ಮ,” ಎಂದರು.

ಗಾಜು ಎಂಬ ಮಾತೇ ಅವಳನ್ನು ಕೂರಗೊಡಲಿಲ್ಲ. “ಒಳಗೆ ಚುಚ್ತಾ ಐತೆ ಕಣೇ,” ಎಂದು ದಿನವೂ ತಂಗಿ ಪುಷ್ಪಾಗೆ ಹೇಳುವಳು. ಒಂದು ದಿನ ಆಡೊಂದು ಹಗ್ಗಕ್ಕೆ ಸಿಕ್ಕಿ ಅರಚಿದಾಗ, ತಡೆಯಲಾರದೆ ಎದ್ದು ನಾಲ್ಕು ಹೆಜ್ಜೆ ನಡೆದೇಬಿಟ್ಟಳು. ಆಮೇಲೆ ಗಾಜು ಪುಡಿಯಾಯಿತೋ ಏನೋ ಎಂಬ ದಿಗಿಲು, ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು, “ಹೊಸ ಮೂಳೆ ಚೆನ್ನಾಗಿ ಕಟ್ಟುತ್ತಿದೆ,” ಎಂದರು.

“ನಾನು ನಡ್ದುಬುಟ್ಟಿದ್ದೆ ಸಾರ್,” ಎಂದು ಅವಳು ಅತ್ತೇಬಿಟ್ಟಳು.

“ಏನೂ ಆಗಿಲ್ಲ. ಇನ್ನು ಕೋಲೂರಿ ನಿಧಾನವಾಗಿ ನಡೀರಿ.”

ದಿಗಿಲು ಕಳೆದ ಅವಳು ಕೋಲೂರುತ್ತಲೇ ಬಸ್‌ಸ್ಟ್ಯಾಂಡಿನತ್ತ ಬೇಗ ಬೇಗ ಹೆಜ್ಜೆ ಹಾಕಿದಳು. ಜತೆಗೆ ಬಂದಿದ್ದ ಪುಷ್ಪಾಳೇ ಹಿಂದೆ ಉಳಿದಳು.