ಕಂಪ್ಯೂಟರಿನ ಮುಂದೆ ನಮ್ಮ ಅಜ್ಜಿ

ಪೂಜೆ ಮುಗಿಸಿ, ನೆನೆಹಾಕಿದ್ದ ಅವರೆಕಾಳಿನ ಸಿಪ್ಪೆ ಹಿತುಕುತ್ತ ಕೂತಿದ್ದೆ. ಎದುರಿಗೆ ಅಜ್ಜಿಯೂ ಒಂದು ಬಟ್ಟಲು ಹಿಡಿದಿದ್ದರು. ಅಷ್ಟರಲ್ಲಿ ಕಾಲೇಜಿನಿಂದ ಮಗಳ ಫೋನು ಬಂತು. ಕೈಯೆಲ್ಲ ಒದ್ದೆ. ಸೆರಗಿಗೆ ಒಂದು ಬೆರಳು ಒರೆಸಿಕೊಂಡು ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ.

"ಅಮ್ಮಾ, ಸರ್ ನನ್ನ ಪ್ರೋಗ್ರಾಂ ತಪ್ಪು ಅಂದ್ಬಿಟ್ರು."

ಅವಳು ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಕಡೂರಿಗೆ ಹೋಗಿ ಬಿಸಿಎ ಓದುತ್ತಾಳೆ. ಆ ಸೆಮಿಸ್ಟರಿನಲ್ಲಿ ಒಂದು ವಿಷಯ ಅವಳನ್ನು ಹಿಂಡಿ ಹಾಕಿತ್ತು. ಕಂಪ್ಯೂಟರಿಗೆ ಹೇಳುವ ಭಾಷೆ ಒಂದಲ್ಲವಂತೆ, ಹಲವು. ಒಂದೊಂದರಲ್ಲೂ ಯೋಚನೆ ಮಾಡುವ ರೀತಿಯೇ ಬೇರೆಯಂತೆ. ಮೊದಲ ಟೆಸ್ಟಿನಲ್ಲಿ ಫೇಲಾಗಿದ್ದಳು. "ಪ್ರಾಕ್ಟಿಕಲ್ಲೂ ಹೋದ್ರೆ ನಾನು ಕಾಲೇಜಿಗೇ ಹೋಗಲ್ಲ" ಎಂದು ಹಿಂದಿನ ಸಂಜೆ ತಟ್ಟೆ ಸರಿಸಿ ಎದ್ದಿದ್ದಳು. ಅವಳು ಅಂದರೆ ಮಾಡುವವಳೇ. ಅವಳು ಕಾಲೇಜು ಬಿಡದಿರಲಿ ಎಂದಷ್ಟೇ ಬೆಳಿಗ್ಗೆ ದೇವರ ಮುಂದೆ ಕೇಳಿದ್ದೆ.

ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆದರೂ ಸಂಜೆ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಅವಳು ಓದಿದ್ದನ್ನು ನನಗೆ ಹೇಳುತ್ತಿದ್ದಳು. ಸಿ ಭಾಷೆಯಲ್ಲಿ ಕಂಪ್ಯೂಟರಿಗೆ ಇದು ಮಾಡು, ಆಮೇಲೆ ಅದು ಮಾಡು ಅಂತ ಒಂದೊಂದೇ ಹೆಜ್ಜೆ ಹೇಳಬೇಕಂತೆ. ಜಾವಾದಲ್ಲಿ ಮೊದಲು ಅಚ್ಚು ಮಾಡಿಕೊಂಡು, ಅದರಿಂದ ಬೇಕಾದಷ್ಟು ತೆಗೆಯಬೇಕಂತೆ. ಇನ್ನೊಂದರಲ್ಲಿ ಒಂದು ಹೆಸರಿಗೆ ಒಂದು ಸಲ ಇಟ್ಟ ಅಂಕಿಯನ್ನು ಮತ್ತೆ ಮುಟ್ಟುವಂತಿಲ್ಲವಂತೆ. "ನೀನು ನೈವೇದ್ಯಕ್ಕೆ ಉಪ್ಪು ಹಾಕೋ ಹಂಗೆ ಕಣಮ್ಮ. ರುಚಿ ನೋಡಂಗಿಲ್ಲ, ಆಮೇಲೆ ಸೇರ್ಸಂಗಿಲ್ಲ" ಎಂದು ತಾನೇ ನಕ್ಕಿದ್ದಳು. ಅವಳಿಗೆ ಹಿಡಿಸಿದ್ದು ಪ್ರೋಲಾಗ್ ಎನ್ನುವುದು. ಅದಕ್ಕೆ ಹೇಗೆ ಮಾಡು ಎಂದು ಹೇಳುವ ಹಾಗೇ ಇಲ್ಲವಂತೆ. ಇರುವ ಸಂಗತಿ ಹೇಳಿ, ನಿಯಮ ಹೇಳಿ, ಪ್ರಶ್ನೆ ಕೇಳಬೇಕು. ಉತ್ತರ ಹುಡುಕುವುದು ಅದರ ಕೆಲಸ. ದೇವರ ಮುಂದೆ ಇದ್ದದ್ದು ಹೇಳಿಕೊಂಡು ಉತ್ತರಕ್ಕೆ ಕಾಯುವುದು ನನಗೂ ಗೊತ್ತಿರುವ ಕೆಲಸವಾದ್ದರಿಂದ ಆ ಭಾಷೆಯ ಮೇಲೆ ನನಗೂ ಒಂದು ಪ್ರೀತಿ ಬಂದಿತ್ತು.

ಆವತ್ತಿನ ಪ್ರಾಕ್ಟಿಕಲ್ಲಿಗೆ ಅದರಲ್ಲೇ ವಂಶವೃಕ್ಷ ಬರೆಯಲು ಹೇಳಿದ್ದರು. ಎಲ್ಲರೂ ಪುಸ್ತಕದ ಹೆಸರು ಹಾಕಿದರೆ ಇವಳು ನಮ್ಮ ಮನೆಯದನ್ನೇ ಹಾಕಿದಳು. ಎಡವಟ್ಟಾಗಿದ್ದು ಅಲ್ಲೇ.

ನನ್ನನ್ನು ಕೊಟ್ಟಿರುವುದು ನನ್ನ ತಾಯಿಯ ತಮ್ಮನಿಗೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ರೂಢಿ. ತರೀಕೆರೆಯಲ್ಲಿರುವ ನನ್ನ ಅಮ್ಮನಿಗೂ ನನ್ನ ಯಜಮಾನರಿಗೂ ಹೆತ್ತ ತಾಯಿ ಒಬ್ಬರೇ, ಈ ಅಜ್ಜಿ. ಮದುವೆಯಾದ ಮೇಲೂ ನನ್ನ ಬಾಯಲ್ಲಿ ಅತ್ತೆ ಅಂತ ಬರಲಿಲ್ಲ, ಅಜ್ಜಿ ಎಂದೇ ಉಳಿಯಿತು. ನನ್ನ ಮಗಳಿಗೆ ಅವರು ಅಪ್ಪನ ಕಡೆಯಿಂದ ಅಜ್ಜಿ, ನನ್ನ ಕಡೆಯಿಂದ ಮುತ್ತಜ್ಜಿ.

"ಅಜ್ಜಿ ಯಾರು ಅಂತ ಕೇಳಿದ್ರೂ ಅಜ್ಜಿ ಹೆಸ್ರು ಬರ್ತೈತೆ, ಮುತ್ತಜ್ಜಿ ಯಾರು ಅಂದ್ರೂ ಅದೇ ಹೆಸ್ರು ಬರ್ತೈತೆ. ಒಬ್ರೇ ಎರಡೂ ಹೆಂಗಾಗ್ತಾರೆ, ಎಲ್ಲೋ ತಪ್ಪು ಟೈಪ್ ಮಾಡಿದೀಯ, ಸರಿಮಾಡ್ಕೊಂಡು ಬಾ ಅಂದ್ರು. ಸರ್ ಕರಾವಳಿ ಕಡೆಯವ್ರು, ಅವ್ರಲ್ಲಿ ಸೋದರಮಾವಂಗೆ ಕೊಡಲ್ವಂತೆ. ಪಕ್ಕದವ್ಳು ಒಂದು ಹೆಸ್ರು ಬದಲಾಯ್ಸು, ನೀಟಾಗಿ ಬರುತ್ತೆ ಅಂತಾಳೆ. ಬದಲಾಯ್ಸಿಬಿಡ್ಲಾ ಅಮ್ಮ?"

ಹೂಂ ಎನ್ನಲು ಬಾಯಿ ತೆರೆದಿದ್ದೆ. ಪಾಸಾಗಿ ಬಂದರೆ ಸಾಕಿತ್ತು. ಅಷ್ಟರಲ್ಲಿ ಅಜ್ಜಿ ಫೋನಿನ ಕಡೆ ಬಗ್ಗಿದರು.

"ಲೇ, ನನ್ನ ಯಾವ ಕಡೆಯಿಂದ ತೆಗೀತೀಯೇ? ನಿಮ್ಮಪ್ಪನ್ನ ಹೆತ್ತಿಲ್ಲ ಅಂತೀಯೋ, ನಿಮ್ಮಮ್ಮನ ತಾಯಿನ ಹೆತ್ತಿಲ್ಲ ಅಂತೀಯೋ?"

"ಅಯ್ಯೋ ಅಜ್ಜಿ, ಕಂಪ್ಯೂಟರಲ್ಲಿ ಅಷ್ಟೇ."

"ಎಲ್ಲಾದ್ರೇನು? ಇಬ್ರನ್ನೂ ನಾನೇ ಹೆತ್ತಿರೋದು."

ಪ್ರೋಗ್ರಾಂ ಸರಿಯೋ ತಪ್ಪೋ ನನಗೆ ತಿಳಿಯದು. ಆದರೆ ಅಲ್ಲಿ ಕೇಳಿದ್ದು ನಮ್ಮ ಮನೆಯ ಸಂಗತಿ, ಅದು ಸುಳ್ಳಲ್ಲ. "ಏನೂ ಬದಲಾಯಿಸ್ಬೇಡ ಕಣೇ. ಸರ್ ಹತ್ರ ಫೋನ್ ಕೊಡು" ಎಂದೆ. ಕಾಲೇಜಿನ ಮೇಷ್ಟರ ಜೊತೆ ನಾನು ಎಂದೂ ಮಾತಾಡಿದವಳಲ್ಲ.

"ಹೇಳಿ ಅಮ್ಮ" ಎಂದರು. ತೀರ ಮೆತ್ತಗಿನ ದನಿ.

"ಸಾರ್, ನಮ್ಮನೆಯವ್ರು ನನ್ನ ತಾಯಿ ತಮ್ಮ. ಹುಡುಗಿ ತಪ್ಪು ಬರ್ದಿಲ್ಲ ಸಾರ್."

ಆ ಕಡೆಯಿಂದ ನಗು ಕೇಳಿಸಿತು. "ಓ, ಹಾಗೆ ಉಂಟಾ! ಕೇಳಿ ಗೊತ್ತಿತ್ತು ಅಮ್ಮ, ಲ್ಯಾಬಿನಲ್ಲಿ ಮಾತ್ರ ಹೊಳೆಯಲಿಲ್ಲ. ಆದರೆ ಅವಳು ನನ್ನ ಹತ್ತಿರ ಯಾಕೆ ಹೇಳಲಿಲ್ಲ? ನಿಯಮ ಅವಳೇ ಬರೆದಿದ್ದರೆ ಹೇಗೆ ಬಂತು ಅಂತ ಅವಳೇ ತೋರಿಸಲಿ. ಮತ್ತೆ ನೋಡುತ್ತೇನೆ."

ಹೆದರಿಕೊಂಡಿರುತ್ತಾಳೆ, ಅದಕ್ಕೇ ಬಾಯಿ ಬಂದಿಲ್ಲ ಎಂದು ನನಗೆ ಗೊತ್ತಿತ್ತು. ಈಗ ಬಾಯಿ ಬರಲಿ ತಾಯಿ ಅಂತರಘಟ್ಟಮ್ಮ ಎಂದು ಬೇಡಿಕೊಂಡೆ. ಸಾರು ಇಳಿಸಿದೆ, ಮುದ್ದೆ ತೊಳಸಿದೆ, ಅಜ್ಜಿಗೆ ಬಡಿಸಿದೆ. ನನ್ನ ತಟ್ಟೆ ಮುಚ್ಚಿಟ್ಟೆ. ಊಟದ ಹೊತ್ತು ಕಳೆದ ಮೇಲೆ ಫೋನು ಬಂತು.

"ಅಮ್ಮಾ, ಪಾಸು! ಎರಡು ದಾರೀಲಿ ಹೋಗಿ ಒಬ್ರ ಹತ್ರಾನೇ ಹೆಂಗೆ ಬರ್ತೈತೆ ಅಂತ ಬೋರ್ಡ್ ಮೇಲೆ ಬರ್ದು ತೋರ್ಸಿದೆ. ಮುಂದಿನ ಕ್ಲಾಸಿಗೆ ಇದನ್ನೇ ಉದಾಹರಣೆ ಕೊಡ್ತೀನಿ ಅಂದ್ರು ಸರ್."

"ನನ್ನ ಫೋಟೋ ಗೀಟೋ ಹಾಕ್ಬೇಡ ಅನ್ನು, ಹಲ್ಲಿಲ್ಲ" ಎಂದರು ಅಜ್ಜಿ.

ದೇವರು ದೊಡ್ಡದೇನೂ ಕೊಡಬೇಕಾಗಿಲ್ಲ. ಫೋನಿನಲ್ಲಿ ಚಾರ್ಜ್ ಇತ್ತು. ನಕ್ಕು ಮತ್ತೊಮ್ಮೆ ನೋಡುವ ಮೇಷ್ಟರು ಸಿಕ್ಕರು. ಹೂಂ ಎನ್ನುವ ಮೊದಲು ನನ್ನ ಬಾಯಿ ಮುಚ್ಚಿಸಲು ಅಜ್ಜಿ ಪಕ್ಕದಲ್ಲೇ ಇದ್ದರು. ಫೋನಿಡುವ ಮುಂಚೆ ಮಗಳು, "ನಾಳೆ ಬೇಗ ಎಬ್ಸಮ್ಮ, ಲ್ಯಾಬ್ ಐತೆ" ಎಂದಳು. ನನಗೆ ಬೇಕಿದ್ದದ್ದು ಆ ಒಂದು ಮಾತು. ದೇವರ ಮನೆಯ ಬಾಗಿಲಲ್ಲಿ ನಿಂತು ಕೈಮುಗಿದೆ. ಹಿತ್ತಿಲ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಬಿಂದಿಗೆ ಎತ್ತಿಕೊಂಡು ಹೋದೆ.