ಕೆಂಪು ಮಣಿಯ ರಿಮೋಟು

ಚನ್ನಪಟ್ಟಣದ ಟಿವಿ ರಿಪೇರಿಯವನೊಬ್ಬ ನಮ್ಮ ಮನೆಯ ಟಿವಿ, ಸ್ಪೀಕರು, ನಡುಮನೆಯ ಲೈಟುಗಳನ್ನೆಲ್ಲ ಒಂದೇ ರಿಮೋಟಿಗೆ ಜೋಡಿಸಿಕೊಟ್ಟಿದ್ದ. "ಒಂದ್ಸಲ ಒತ್ತಿ ಸಾರ್, ಸಾಕು" ಎನ್ನುವುದು ಅವನ ಮಾತು. ಕತ್ತಲಲ್ಲೂ ಬೆರಳಿಗೆ ಸಿಗಲೆಂದು, ತಾನು ಜೋಡಿಸಿದ ಪ್ರತಿ ರಿಮೋಟಿನಲ್ಲೂ ಆ ಗುಂಡಿಯ ಮೇಲೆ ಅರಗು ಬಳಿದ ಕೆಂಪು ಮರದ ಮಣಿಯೊಂದನ್ನು ಅಂಟಿಸುತ್ತಿದ್ದ. ಮಣಿಗಳನ್ನು ಕಡೆದವಳು ಗೊಂಬೆ ಕಾರ್ಖಾನೆಯಲ್ಲಿದ್ದ ಅವನ ಹೆಂಡತಿ.

ಒಂದು ಸಂಜೆ ಕೆಟ್ಟ ರಿಮೋಟು ಹಿಡಿದು ಅವನ ಮನೆಗೆ ಹೋದೆ. ಅವನ ಹೆಂಡತಿ ಲಕ್ವ ಹೊಡೆದು ಮಂಚ ಹಿಡಿದಿದ್ದಳು. ಮಾತಿರಲಿಲ್ಲ. ಅಂಗೈಯಲ್ಲಿ ಕೆಂಪು ಮಣಿಯ ರಿಮೋಟಿತ್ತು.

"ಸಾರ್ ಬಂದವ್ರೆ. ಒತ್ತು ಕಣಮ್ಮಿ, ಒಸಿ ಒತ್ತು" ಎಂದ. ಅವನ ಒಂದು ಕೈ ಜೇಬಿನಲ್ಲೇ ಇತ್ತು. ಆಕೆಯ ಬೆರಳು ಅಲುಗಲಿಲ್ಲ. ಆದರೂ ಲೈಟು ಹತ್ತಿತು, ಟಿವಿ ಮಾತಾಡತೊಡಗಿತು.

"ನೋಡುದ್ರಾ ಸಾರ್? ದಿನಾ ಎಲ್ಲಾ ಅವ್ಳೇ ಹಾಕೋದು. ಯಾರ್ನೂ ಕಾಯಂಗಿಲ್ಲ."

ಅಷ್ಟರಲ್ಲಿ ಆಕೆಯ ಕೈಯಿಂದ ರಿಮೋಟು ಜಾರಿ ಬಿತ್ತು. ಎತ್ತಿಕೊಂಡೆ. ಹಿಂದಿನ ಮುಚ್ಚಳ ತೆರೆದುಕೊಂಡಿತ್ತು. ಒಳಗೆ ಸೆಲ್ಲೇ ಇರಲಿಲ್ಲ, ನೆಲದ ಮೇಲೂ ಬಿದ್ದಿರಲಿಲ್ಲ. ಅವನು ನನ್ನ ಮುಖ ನೋಡದೆ ಅದನ್ನು ತೆಗೆದುಕೊಂಡು, ಆಕೆಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮತ್ತೆ ಹಿಡಿಸಿದ. ಆಮೇಲೆ, ಮುಸ್ಸಂಜೆ ದೀಪ ಹತ್ತಿದಾಗ ಎಲ್ಲರೂ ಮಾಡುವಂತೆ, ಬಲ್ಬಿಗೆ ಕೈಮುಗಿದ.

"ಇವ್ಳ ಪಾಲಿಂದೂ ನಾನೇ ಮುಗಿದ್ಬುಡ್ತೀನಿ ಸಾರ್" ಎಂದ.

ಆಕೆ ಬಲ್ಬನ್ನು ನೋಡುತ್ತಿರಲಿಲ್ಲ. ಇನ್ನೊಂದು ರಿಮೋಟಿನಿಂದ ಉಬ್ಬಿಕೊಂಡಿದ್ದ ಅವನ ಜೇಬನ್ನೇ ನೋಡುತ್ತಿದ್ದಳು.