ಲಾಡ್ಜಿನ ನಂಜುಂಡಪ್ಪನವರು

ಬೀಗದ ಕೈ ಕೊಡುವುದಕ್ಕೆ ಮೊದಲು ರೂಮಿನ ಕುಂದುಕೊರತೆಗಳನ್ನೆಲ್ಲ ತಾವೇ ಹೇಳಿಬಿಡುವ ಲಾಡ್ಜ್ ಮ್ಯಾನೇಜರನ್ನು ನಾನು ಕಂಡಿರುವುದು ಒಬ್ಬರನ್ನೇ. ಅವರೇ ನಂಜುಂಡಪ್ಪನವರು. ಕನ್ನಡಕವನ್ನು ಹಣೆಗೇರಿಸಿಕೊಂಡು, ಎದುರಿಗೆ ನಿಂತವರ ಮುಖವನ್ನು ಒಂದು ಗಳಿಗೆ ನೋಡಿ, ಆಮೇಲೆ ಶುರುಮಾಡುತ್ತಿದ್ದರು.

“ಮೊದ್ಲೇ ಹೇಳ್ಬುಡ್ತೀನಿ ಮೇಡಂ, ಆಮೇಲೆ ಬೇಜಾರ್ ಮಾಡ್ಕೋಬಾರ್ದು. ಗೀಸರ್ ಕೆಟ್ಟೈತೆ. ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗ್ ಗೋಡೆ. ಹಾಸಿಗೆ ಮಧ್ಯ ಹಳ್ಳ ಬಿದ್ದೈತೆ, ಗೋಡೆ ಕಡೆ ಮಲಗಿದ್ರೆ ವಾಸಿ.”

ನಾನು ಹುತ್ರಿದುರ್ಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮುಖ್ಯ ಶಿಕ್ಷಕಿ. ಆ ವರ್ಷ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಎಂಟು ದಿನ ತುಮಕೂರಿನಲ್ಲಿ ಇರಬೇಕಾಗಿತ್ತು. ದಿನಾ ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಓಡಾಡುವ ಶಕ್ತಿಯಿಲ್ಲದೆ, ಫೋನಿನಲ್ಲಿ ಫೋಟೋ ನೋಡಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಈ ಲಾಡ್ಜನ್ನು ಬುಕ್ ಮಾಡಿದ್ದೆ. ಆ ಫೋಟೋವನ್ನು ಅವರ ಮುಂದೆ ಹಿಡಿದು, “ಇದರಲ್ಲಿ ಬಾಲ್ಕನಿ ಇದೆಯಲ್ಲ?” ಎಂದೆ.

ಕನ್ನಡಕ ಇಳಿಸಿ ನೋಡಿದರು. “ಚೆನ್ನಾಗೈತೆ. ಎಲ್ಲೀದೋ ಕಾಣೆ. ನಮ್ದಂತೂ ಅಲ್ಲ.”

ಊರಿನ ಬೇರೆ ಲಾಡ್ಜುಗಳೆಲ್ಲ ನಮ್ಮಂಥ ಮೇಷ್ಟ್ರುಗಳಿಂದಲೇ ತುಂಬಿಹೋಗಿದ್ದವು. ವಿಧಿಯಿಲ್ಲದೆ ಬೀಗದ ಕೈ ತೆಗೆದುಕೊಂಡೆ.

ರೂಮು ಕೆಟ್ಟಿರುವುದರಲ್ಲಿ ಅವರು ಹೇಳಿದ್ದಕ್ಕಿಂತ ಒಂದು ಕೈ ಮೇಲೇ ಇತ್ತು. ಸ್ನಾನಕ್ಕೆ ನಿಂತರೆ ನೀರು ಮೋರಿಗೆ ಇಳಿಯದೆ ಕಾಲಿನ ಗಂಟಿನವರೆಗೆ ಬಂದು, ಹೊಸಿಲು ದಾಟಿ ಮಂಚದ ಕೆಳಕ್ಕೆ ಹರಿಯಿತು. ಒದ್ದೆ ಕಾಲಿನಲ್ಲೇ ಕೆಳಗಿಳಿದು ಹೋಗಿ, ತರಗತಿಯಲ್ಲಿ ಗದರುವ ದನಿಯಲ್ಲೇ ಗದರಿದೆ. ನಂಜುಂಡಪ್ಪನವರ ಮುಖ ಇಳಿದುಹೋಯಿತು.

“ಇದೊಂದು ಹೇಳ್ಲೇ ಇಲ್ವಲ್ಲ ನಾನು! ನಂಗೇ ಗೊತ್ತಿರ್ಲಿಲ್ಲ ಮೇಡಂ. ತಪ್ಪಾಯ್ತು.”

ಮೋರಿ ಕಟ್ಟಿದ್ದಕ್ಕಿಂತ, ಅದನ್ನು ಮೊದಲೇ ಹೇಳದೆ ಹೋದದ್ದಕ್ಕೆ ಅವರಿಗೆ ಹೆಚ್ಚು ನೋವಾದಂತಿತ್ತು. ಪಂಚೆ ಎತ್ತಿ ಕಟ್ಟಿ, ಬಿದಿರಿನ ದಬ್ಬೆ ಹಿಡಿದು, ಅರವತ್ತರ ವಯಸ್ಸಿನಲ್ಲಿ ನೆಲಕ್ಕೆ ಕೂತು ಮೋರಿಯನ್ನು ತಾವೇ ಬಿಡಿಸಿದರು. ಮಾರನೆಯ ದಿನದಿಂದ ಬೆಳಿಗ್ಗೆ ಆರೂವರೆಗೆ ಬಾಗಿಲ ಮುಂದೆ ಒಂದು ಬಕೆಟ್ ಬಿಸಿನೀರು ಬಂದು ಕೂರುತ್ತಿತ್ತು. ಹಿಂದಿನ ಕೋಣೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಮಂಡಿನೋವಿನ ಕಾಲಿನಲ್ಲಿ ಎರಡು ಮಹಡಿ ಹತ್ತಿಸಿ ತರುತ್ತಿದ್ದರು. ಬೇಡ ಎಂದರೆ ಕೇಳಲಿಲ್ಲ.

“ದಿನವಿಡೀ ಬಿಸಿನೀರು ಅಂತ ಹೊರ್ಗಡೆ ಬೋರ್ಡ್ ಐತಲ್ಲ ಮೇಡಂ. ತೆಗೆಸಿ ಅಂತ ಓನರ್‌ಗೆ ಹೇಳಿ ಹೇಳಿ ಸಾಕಾಯ್ತು. ಅದು ಇರೋ ತನ್ಕ ನೀರು ಕೊಡ್ಬೇಕಲ್ವಾ?”

ಆರನೆಯ ದಿನ ಸಂಜೆ ನಾನು ಮೌಲ್ಯಮಾಪನ ಮುಗಿಸಿ ಬಂದಾಗ, ಕೌಂಟರಿನ ಮುಂದೆ ಪಾವಗಡ ಕಡೆಯ ಒಬ್ಬ ತಾಯಿ, ಇಪ್ಪತ್ತರ ಆಸುಪಾಸಿನ ಮಗಳ ಜೊತೆ ನಿಂತಿದ್ದರು. ಮಾರನೆಯ ಬೆಳಿಗ್ಗೆ ಊರಂಚಿನ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಹುಡುಗಿಗೆ ಇಂಟರ್‌ವ್ಯೂ. ಅವರೂ ಫೋನಿನಲ್ಲೇ ಬುಕ್ ಮಾಡಿ ಬಂದಿದ್ದರು. ಖಾಲಿ ಇದ್ದದ್ದು ಒಂದೇ ರೂಮು. ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತಿರಲಿಲ್ಲ. ನಂಜುಂಡಪ್ಪನವರು ಅದನ್ನು ಕೊಡಲಾರೆ ಎಂದು ಓನರ್‌ಗೆ ಫೋನಿನಲ್ಲಿ ಹೇಳಿದ್ದರು. ಆತ ಕಾರು ಹತ್ತಿ ಬಂದೇಬಿಟ್ಟಿದ್ದ.

“ಏನಯ್ಯಾ, ಲಾಡ್ಜ್ ನಡೆಸ್ತಿದೀಯೋ, ಮುಚ್ಚಿಸ್ತಿದೀಯೋ? ಬಾಗಿಲಿಗೆ ಕುರ್ಚಿ ಅಡ್ಡ ಇಟ್ಕೊಂಡು ಮಲಗ್ತಾರೆ, ಕೊಡು ಕೀ!”

ನಂಜುಂಡಪ್ಪನವರು ಎದ್ದು ನಿಂತರು. ದನಿ ಏರಿಸಲಿಲ್ಲ. “ಹೆಣ್ಮಕ್ಳಿಗೆ ಚಿಲ್ಕ ಇಲ್ದಿರೋ ರೂಮ್ ನನ್ ಕೈಯಾರೆ ಕೊಡಕ್ಕಿಲ್ಲ ಸಾರ್. ನಿಮ್ಗೆ ಕೊಡ್ಲೇಬೇಕು ಅನ್ಸಿದ್ರೆ, ಈ ಕುರ್ಚಿ ಮೇಲೆ ಕೂತ್ಕೊಂಡು ನೀವೇ ಕೊಡಿ.” ಹೇಳಿ, ಕೀಗಳ ಗೊಂಚಲನ್ನು ಕೌಂಟರಿನ ಮೇಲಿಟ್ಟು ಪಕ್ಕಕ್ಕೆ ಸರಿದರು. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಗತಿಯಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನಾನು ನಡುವೆ ಬಾಯಿ ಹಾಕಿದೆ. “ಇಬ್ರೂ ನನ್ನ ರೂಮಲ್ಲಿ ಇರ್ಲಿ. ಮಂಚ ದೊಡ್ಡದಿದೆ.”

ಸುತ್ತ ಜನ ಸೇರಿದ್ದನ್ನು ನೋಡಿ ಓನರ್ ಏನೋ ಗೊಣಗುತ್ತ ಕಾರಿನ ಕಡೆ ಹೋದ. ಮಾರನೆಯ ಮಧ್ಯಾಹ್ನ ಬಡಗಿ ಬಂದು ಹೊಸ ಚಿಲಕ ಹಾಕಿದನಂತೆ. ಹುಡುಗಿಗೆ ಕೆಲಸವೂ ಸಿಕ್ಕಿತು. ಆ ಸುದ್ದಿಯನ್ನು ನನಗೆ ಹೇಳುವಾಗ ನಂಜುಂಡಪ್ಪನವರು ತಮ್ಮ ಮನೆಯ ಮಗಳಿಗೇ ಕೆಲಸ ಸಿಕ್ಕಷ್ಟು ಹಿಗ್ಗಿದ್ದರು.

ಆ ಲಾಡ್ಜಿನಷ್ಟು ಕೆಟ್ಟ ಲಾಡ್ಜಿನಲ್ಲಿ ನಾನು ಎಂದೂ ಉಳಿದಿಲ್ಲ. ಆದರೆ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಸೇರಿಸಲು ಬಂದ ಒಬ್ಬ ತಂದೆ, “ಹೆಣ್ಮಕ್ಳ ಶೌಚಾಲಯ ಸರಿಯಾಗಿದೆಯಾ ಮೇಡಂ?” ಎಂದು ಕೇಳಿದಾಗ, ಪ್ರತಿ ವರ್ಷದಂತೆ “ಎಲ್ಲ ಸರಿಯಾಗಿದೆ” ಎನ್ನಲು ಬಾಯಿ ಬರಲಿಲ್ಲ. “ಎರಡರಲ್ಲಿ ಒಂದು ಕೆಟ್ಟಿದೆ” ಎಂದುಬಿಟ್ಟೆ. ಅವರು ಮಗಳನ್ನು ಸೇರಿಸಿಯೇ ಹೋದರು. ಆ ಸಂಜೆಯೇ ಪಂಚಾಯಿತಿಗೆ ಅರ್ಜಿ ಬರೆದೆ.

ಮರುವರ್ಷ ಮೌಲ್ಯಮಾಪನಕ್ಕೆ ಹೋದಾಗ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ನಂಜುಂಡಪ್ಪನವರು ಹುಷಾರಿಲ್ಲದೆ ತಮ್ಮ ಊರು ಸಿ.ಎಸ್. ಪುರಕ್ಕೆ ಹೋದರೆಂದು ತಿಳಿಯಿತು. ಭಾನುವಾರ ಗುಬ್ಬಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಅವರ ಮನೆ ಮುಟ್ಟಿದೆ. ಜಗಲಿಯ ಮೇಲೆ ಒರಗಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು.

“ಹೇಗಿದೀರಿ ನಂಜುಂಡಪ್ಪನವರೇ?”

“ಚೆನ್ನಾಗಿಲ್ಲ ಮೇಡಂ. ಲಿವರ್ ಹೋಗೈತೆ. ಇನ್ನು ಜಾಸ್ತಿ ದಿನ ಇಲ್ಲ ಅಂದವ್ರೆ ಡಾಕ್ಟ್ರು. ಆದ್ರೆ ನೋವು ಕಮ್ಮಿ. ಮಧ್ಯಾಹ್ನ ಒಂದ್ ಮುದ್ದೆ ಸೇರ್ತದೆ.”

ಒಳಗಿನಿಂದ ನೀರು ತಂದ ಅವರ ಹೆಂಡತಿ, “ಬಂದೋರ ಮುಂದೆ ಇದೆಲ್ಲ ಯಾಕೆ ಹೇಳ್ತೀರ, ಸುಮ್ನಿರಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲ ಸರಿಹೋಗುತ್ತೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಂಜುಂಡಪ್ಪನವರಿಗೆ ಅದನ್ನು ಹೇಳಲು ನನ್ನಿಂದಾಗಲಿಲ್ಲ. ಪಕ್ಕದಲ್ಲಿ ಕೂತೆ. ಇಂಟರ್‌ವ್ಯೂಗೆ ಬಂದಿದ್ದ ಆ ಹುಡುಗಿ ಈಗಲೂ ಫೋನ್ ಮಾಡುತ್ತಾಳೆಂದು ಹೇಳಿ ನಕ್ಕರು. ಏಳುವಾಗ, “ಮತ್ತೆ ಬರ್ತೀನಿ” ಎಂದೆ.

“ಬರೋದಾದ್ರೆ ಶ್ರಾವಣದೊಳ್ಗೆ ಬನ್ನಿ ಮೇಡಂ” ಎಂದರು.

ಆಷಾಢದ ಮೊದಲನೆಯ ಭಾನುವಾರವೇ ಹೋದೆ. ಜಗಲಿ ಖಾಲಿ ಇತ್ತು. ಅವರ ಹೆಂಡತಿ ಬಾಗಿಲಿಗೆ ಬಂದು ನನ್ನನ್ನು ನೋಡಿದರು. “ಅವ್ರು ಹೋಗಿ ಹದಿನೈದು ದಿನ ಆಯ್ತು” ಎಂದು ಒಳಗೆ ಕರೆದು, ಚಾಪೆ ಹಾಸಿದರು.